ಚೆರ್ರಿಯ ಕಂಪು, ಕೇರಿಯ ನಾತ

"ನಮಗ ಜಾತಿ-ಗೀತಿ ಏನೂ ಇಲ್ಲಪ್ಪ, ಆದ್ರ ಆ ವಾಸನಿ ತಡಕೊಳ್ಳಾಕ ಆಗಂಗಿಲ್ಲ." ಈ ಮಾತನ್ನು ನಾವು ಬಾಡಿಗೆ ಕೋಣೆ ಕೇಳಲು ಹೋದಲ್ಲಿ ಕೇಳಿದ್ದೇವೆ, ಪ್ರಗತಿಪರರೆನಿಸಿಕೊಂಡವರ ಪಡಸಾಲೆಯಲ್ಲೂ ಕೇಳಿದ್ದೇವೆ. ಹೇಳುವವರು ಇದನ್ನು ನ್ಯಾಯದ ಮಾತೆಂದೇ ನಂಬಿರುತ್ತಾರೆ. ಬುದ್ಧಿ ಒಪ್ಪಿದೆ, ಮೂಗು ಒಪ್ಪುತ್ತಿಲ್ಲ. ಮೂಗಿನ ಮೇಲೆ ಯಾರ ಜೋರು ನಡೀತದ? ಹಾಗಾದರೆ ಗೆಳೆಯರೇ, ಹೇಸಿಕೆಯೆಂಬುದು ಮೈಯ ಗುಣವೋ, ಮನುಷ್ಯ ಮಾಡುವ ಅಪರಾಧವೋ?

ಉತ್ತರ ಹುಡುಕಿಕೊಂಡು ಸೆಂಟಿನ ಅಂಗಡಿಗೇ ಹೋಗೋಣ. ಮೂಗನ್ನು ಹೇಗೆ ಪಳಗಿಸುತ್ತಾರೆಂಬುದು ಅಲ್ಲಿ ಕಾಣುತ್ತದೆ.

ಈಗ ಪೇಟೆಯಲ್ಲಿ ಚೆರ್ರಿ ಸೆಂಟು ಸಿಗುತ್ತದೆ, ಸೀಸೆಯ ಮೇಲೆ ಜಪಾನಿನ ಚೆರ್ರಿ ಮರದ ತಿಳಿಗುಲಾಬಿ ಹೂವು. ವಾಡಿಯ ಸಿಮೆಂಟು ಧೂಳು, ಶಹಾಬಾದಿನ ಕಲ್ಲುಗಣಿಗಳ ನಡುವಿನ ನಮ್ಮ ರಾವೂರಿನಲ್ಲಿ ಚೆರ್ರಿ ಮರ ಕಂಡವರು ಯಾರು? ನಮಗೆ ಚೆರ್ರಿ ಅಂದರೆ ಬೇಕರಿಯ ಕೇಕಿನ ಮೇಲಿನ ಕೆಂಪು ಗುಂಡು. ಅದೂ ಬಹಳ ಕಡೆ ಚೆರ್ರಿ ಅಲ್ಲ. ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ಅದ್ದಿದ ಕವಳಿ ಹಣ್ಣು. ಹೆಸರು ಬದಲಿಸಿಕೊಂಡರೆ ಮಾನ ಬರುತ್ತದೆಂಬುದು ಕವಳಿ ಹಣ್ಣಿಗೂ ಗೊತ್ತಾಗಿಬಿಟ್ಟಿದೆ!

ಸೆಂಟು ಮಾಡುವವರು ವಾಸನೆಯ ಒಂದೊಂದು ಎಳೆಗೂ 'ನೋಟ್' ಅನ್ನುತ್ತಾರೆ, ಹಾಡಿನ ಸ್ವರದ ಹಾಗೆ. ಚೆರ್ರಿ ಹೂವಿನ ನೋಟ್ ಸಾಮಾನ್ಯವಾಗಿ ಚೆರ್ರಿ ಹೂವಿನಿಂದ ಬಂದದ್ದಲ್ಲ. ಆ ಹೂವಿನ ವಾಸನೆ ಬಲು ತೆಳುವು. ಬೇರೆ ಬೇರೆ ರಸಾಯನ ಕೂಡಿಸಿ ಊಹೆಯಿಂದಲೇ ಅದನ್ನು ಕಟ್ಟುತ್ತಾರೆ. ಹಣ್ಣಿನ ನೋಟಿಗೆ ಬೆಂಜಾಲ್ಡಿಹೈಡ್ ಬೇಕು. ಕಾರ್ಖಾನೆಯಲ್ಲಿ ಅದನ್ನು ಟಾಲ್ಯೂಯಿನ್‌ನಿಂದ ತಯಾರಿಸುತ್ತಾರೆ, ಟಾಲ್ಯೂಯಿನ್ ಬರುವುದು ಕಲ್ಲೆಣ್ಣೆಯಿಂದ. ಅಂದರೆ ಇದು ರಸ್ತೆಯ ಡಾಂಬರಿನ ದಾಯಾದಿ. ಸೀಸೆ ಕೊಳ್ಳುವವರು ಯಾರೂ ಅದರ ಕುಲ ಕೇಳುವುದಿಲ್ಲ.

ಇಂಡೋಲ್ ಎಂಬ ಇನ್ನೊಂದು ವಸ್ತು ಮಲ್ಲಿಗೆಯ ಕಂಪಿನಲ್ಲಿದೆ, ಮನುಷ್ಯನ ಮಲದಲ್ಲೂ ಇದೆ. ಮಲ್ಲಿಗೆ ದೇವರ ಮುಡಿಗೆ ಏರಿತು, ಮಲ ನಮ್ಮವರ ತಲೆಗೆ ಏರಿತು. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲಿ, ಆ ಹೊರೆಯನ್ನು ನಮ್ಮ ರಾಜ್ಯದಲ್ಲಿ ಇಳಿಸಿದರು. ದೇಶಕ್ಕೆ ಕಾಯ್ದೆ ಬಂದದ್ದು 1993ರಲ್ಲಿ, ಮತ್ತೆ 2013ರಲ್ಲಿ. ಗಟಾರಿಗೆ ಇಳಿದವರು ಸಾಯುವುದು ಇನ್ನೂ ನಿಂತಿಲ್ಲ.

ಇನ್ನು ತೊಗಲಿನ ಮಾತು. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಬೇಕು; ಸುಣ್ಣಕ್ಕೆ ಕಲ್ಲು ಈ ನೆಲದಲ್ಲೇ ಅದ. ಕೂದಲು ಉದುರಿಸಿ, ಮಾಂಸ ಕೆರೆದು, ತಂಗಡಿ ತೊಗಟೆಯ ರಸದಲ್ಲಿ ದಿನಗಟ್ಟಲೆ ಇಟ್ಟು ಹದ ಮಾಡಬೇಕು. ಇದು ರಸಾಯನಶಾಸ್ತ್ರವಲ್ಲದೆ ಮತ್ತೇನು? ಆ ತೊಗಲು ಬಾವಿಯ ನೀರೆತ್ತುವ ಚೀಲವಾಯಿತು, ಎತ್ತಿನ ಮಿಣಿಯಾಯಿತು, ಗೌಡರ ಕಾಲಿಗೆ ಕೆರವಾಯಿತು. ಆ ಚೀಲದ ನೀರು ಕುಡಿದ ತೋಟದ ಬಾಳೆಹಣ್ಣು ದೇವರಿಗೆ ನಡೆಯಿತು. ಚೀಲ ಹೊಲಿದವನು ಗುಡಿಯ ಹೊರಗೇ ನಿಂತ.

ಫ್ರಾನ್ಸಿನಲ್ಲಿ ಗ್ರಾಸ್ ಎಂಬ ಊರಿದೆ. ಅದು ಮೊದಲು ತೊಗಲು ಹದ ಮಾಡುವವರ ಊರು. 16ನೇ ಶತಮಾನದಲ್ಲಿ ಅಲ್ಲಿಯವರು ತೊಗಲಿನ ಕೈಗವಸಿಗೆ ಕಂಪು ಹಿಡಿಸಿ ಶ್ರೀಮಂತರಿಗೆ ಮಾರಿದರು. ಕಾಲ ಸರಿದಂತೆ ತೊಗಲಿನ ಕಸುಬು ಕುಂದಿತು, ಸೆಂಟಿನ ಕಸುಬು ಬೆಳೆಯಿತು. 2018ರಲ್ಲಿ ಯುನೆಸ್ಕೊ ಆ ಸೀಮೆಯ ಸುಗಂಧ ವಿದ್ಯೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ತೊಗಲಿನ ವಾಸನೆಯೇ ಒಂದು ನೋಟ್, ಅದಕ್ಕೆ 'ಲೆದರ್' ಎಂದು ಹೆಸರು. ಉಳ್ಳವರು ದುಡ್ಡು ಕೊಟ್ಟು ಅದನ್ನು ಮೈಗೆ ಹಚ್ಚಿಕೊಳ್ಳುತ್ತಾರೆ. ನಮ್ಮ ತಂಗಡಿ ತೊಗಟೆಯ ವಿದ್ಯೆಗೆ ಯಾವ ಪಟ್ಟಿ? ಊರ ಹೊರಗೊಂದು ಕೇರಿ, ಬಾಯಿಗೊಂದು ಬೈಗುಳ.

2005ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಒಂದು ಪರೀಕ್ಷೆ ಪ್ರಕಟಿಸಿದರು. ಒಂದೇ ವಾಸನೆಯನ್ನು ಒಮ್ಮೆ 'ಚೀಸ್' ಎಂಬ ಹೆಸರಿನಿಂದ, ಇನ್ನೊಮ್ಮೆ 'ಮೈನಾತ' ಎಂಬ ಹೆಸರಿನಿಂದ ಜನರಿಗೆ ಮೂಸಲು ಕೊಟ್ಟರು. ಚೀಸ್ ಅಂದಾಗ ಹಿತವೆನಿಸಿದ್ದು ಮೈನಾತ ಅಂದಾಗ ಅಹಿತವಾಯಿತು. ಮೂಗು ಮೂಸುವ ಮುಂಚೆ ಹೆಸರು ಓದುತ್ತದೆ! ತೊಗಲನ್ನೇ ಮುಟ್ಟದ, ಡಿಗ್ರಿ ಮುಗಿಸಿ ಬಂದ ನಮ್ಮ ಮೈಯಲ್ಲಿ ಕೋಣೆಯ ಮಾಲೀಕರಿಗೆ ಆ ನಾತ ಎಲ್ಲಿಂದ ಬಂತು? ಚೆರ್ರಿ ಹೂವಿನ ಕಂಪು ಸೀಸೆಗೆ ಬಂದ ಹಾಗೇ ಬಂತು: ಮೂಲದಲ್ಲಿ ಇಲ್ಲದ್ದು, ಚೀಟಿ ಅಂಟಿಸಿದ ಮೇಲೆ ಬಂದದ್ದು.

ಕೂಸು ಹೇಸಿಕೆ ಕಲಿತು ಹುಟ್ಟುವುದಿಲ್ಲ. ತನ್ನ ಹೇಲಿನಲ್ಲೇ ಕೈಯಾಡಿಸುತ್ತದೆ. ಹಿರಿಯರು "ಛೀ" ಅಂದಾಗ ಕಲಿಯುತ್ತದೆ. ಕಲಿಸಿದ್ದನ್ನು ಕಲಿತ ಕೂಸಿನ ತಪ್ಪೇನು ಎಂದು ಕೇಳಬಹುದು. ಸರಿ, ಮೊದಲ ಸಲ ಮೂಗು ಮುರಿದದ್ದಕ್ಕೆ ನಾವು ಯಾರನ್ನೂ ಕಟಕಟೆಗೆ ಎಳೆಯುವುದಿಲ್ಲ. ಆದರೆ ಅದಾದ ಮೇಲೆ ಬಾಗಿಲು ಹಾಕಿತಲ್ಲ, ಆ ಕೈ ಮೂಗಿನದಲ್ಲ. ಹಿಂದಿನ ಸಾಲಿಗೆ ಹುಡುಗಿಯನ್ನು ಸರಿಸಿ ಕೂಡಿಸಿದ ಮಾಸ್ತರರ ಕೈಯೂ ಮೂಗಿನದಲ್ಲ.

ನಮ್ಮ ಕಡೆಗೂ ಒಂದು ಪ್ರಶ್ನೆ ಇದೆ. ಇಂಟರ್‌ವ್ಯೂಗೆ ಹೋಗುವಾಗ ನಮ್ಮ ಹುಡುಗರು ಎರಡೆರಡು ಸಲ ಸೆಂಟು ಹೊಡಕೊಳ್ತಾರ. ಇದು ಹೇಡಿತನ, ನಮ್ಮ ವಾಸನೆಯನ್ನು ನಾವೇ ಮುಚ್ಚಿಕೊಂಡಂತೆ, ಎಂದು ಕೆಲವು ಗೆಳೆಯರ ವಾದ. ನಾವಿದನ್ನು ಒಪ್ಪುವುದಿಲ್ಲ. ಕಂಪು ಯಾರಪ್ಪನ ಆಸ್ತಿಯೂ ಅಲ್ಲ, ಚಂದ ಕಾಣಬೇಕೆನ್ನುವುದು ದ್ರೋಹವೂ ಅಲ್ಲ. ನಮ್ಮ ಅಂಜಿಕೆ ಬೇರೆ. ಹೊಲದಿಂದ, ಗಣಿಯಿಂದ ಬೆವರಿ ಬಂದ ಅವ್ವ ಹಾಸ್ಟೆಲಿನ ಬಾಗಿಲಿಗೆ ನಿಂತಾಗ, ಗೆಳೆಯರ ಮುಂದೆ ನಮ್ಮ ಮೂಗೂ ಆ ಚೀಟಿ ಓದಿಬಿಟ್ಟರೆ? ಸೀಸೆ ಕಿಟಕಿಯಲ್ಲಿ ಇದ್ದರೆ ಇರಲಿ. ಅವ್ವನನ್ನು ಒಳಗೆ ಕರೆದು, ನಮ್ಮದೇ ಹಾಸಿಗೆಯ ಮೇಲೆ ಕೂಡಿಸಿ, ಗೆಳೆಯರಿಗೆ ಅವಳ ಹೆಸರು ಹೇಳೋಣ.