ಜಾಮೀನಿಗೆ ಸಹಿ ಹಾಕುವ ಮುನ್ನ

ಬೇರೆಯವರ ಸಾಲಕ್ಕೆ ಹೊಣೆ ನಿಲ್ಲುವ ವಿಚಾರವನ್ನು ಬೈಬಲ್‌ನ ಜ್ಞಾನೋಕ್ತಿಗಳ ಗ್ರಂಥ ಮತ್ತೆ ಮತ್ತೆ ಎತ್ತುತ್ತದೆ. 22ನೆಯ ಅಧ್ಯಾಯದ ಮಾತಿನ ತಾತ್ಪರ್ಯ ಇಷ್ಟು: ತೀರಿಸುವ ಗತಿಯಿಲ್ಲದೆ ಜಾಮೀನು ನಿಂತವನ ಹಾಸಿಗೆಯನ್ನೂ ಸಾಲ ಕೊಟ್ಟವನು ಬಿಡುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸರ್ವಜ್ಞ ಸಾಲ ಮಾಡಿದವನ ಪಾಡು ಹೇಳಿದ. ಜ್ಞಾನೋಕ್ತಿಕಾರ ಸಾಲವನ್ನೇ ಮಾಡದೆ ಸಿಕ್ಕಿಬಿದ್ದವನನ್ನು ಕುರಿತು ಹೇಳುತ್ತಾನೆ.

ನಮ್ಮ ಕಡೆ ಅಂಥವರು ಊರೂರಿಗೂ ಇದ್ದಾರೆ. ಚನ್ನಗಿರಿಯಲ್ಲಿ ಅಡಿಕೆ ತೋಟ ಉಳಿಸಿಕೊಳ್ಳಲು ಬೋರ್ ಕೊರೆಸುವ ಸಾಲ. ಜಗಳೂರಿನಲ್ಲಿ ಮಳೆ ನಂಬಿ ಹಾಕುವ ಮೆಕ್ಕೆಜೋಳ, ಈರುಳ್ಳಿಯ ಬೀಜ ಗೊಬ್ಬರಕ್ಕೆ ಸಾಲ. ಹೊನ್ನಾಳಿ, ನ್ಯಾಮತಿಯಲ್ಲಿ ಟ್ರ್ಯಾಕ್ಟರ್ ಸಾಲ. ಭಾವಮೈದುನ ಪಹಣಿ, ಅರ್ಜಿ ಹಿಡಿದು ಜಗಲಿಗೆ ಬಂದು ಕೂರುತ್ತಾನೆ. "ಬರೀ ಒಂದು ಸಹಿ ಭಾವ, ಕಂತು ನಾನು ಕಟ್ತೀನಿ" ಎನ್ನುತ್ತಾನೆ. ಹೆಂಡತಿಯ ತವರಿನ ಮಾತು, ಒಲ್ಲೆ ಎನ್ನಲು ಬಾಯಿ ಬರುವುದಿಲ್ಲ.

ಬರೀ ಸಹಿ ಎಂಬುದು ಕಾನೂನಿನಲ್ಲಿ ಇಲ್ಲವೇ ಇಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೆಯ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. ಬೋರಿನಲ್ಲಿ ನೀರು ಬೀಳದೆ ಕಂತು ನಿಂತರೆ ನೋಟಿಸ್ ಎರಡೂ ಮನೆಗೆ ಬರುತ್ತದೆ.

ಹಾಗೆಂದು ಕಷ್ಟದಲ್ಲಿರುವ ನೆಂಟನಿಗೆ ಬೆನ್ನು ತಿರುಗಿಸಬೇಕೇ? ಕೊಡುವ ಶಕ್ತಿ ಇದ್ದಾಗ ಉಪಕಾರ ತಪ್ಪಿಸಬಾರದು ಎಂದು ಅದೇ ಗ್ರಂಥದ 3ನೆಯ ಅಧ್ಯಾಯ ಹೇಳುತ್ತದೆ. ಎರಡನ್ನೂ ಜೊತೆಗಿಟ್ಟು ಓದಬೇಕು. ಇರುವುದನ್ನು ಕೊಡು, ಇಲ್ಲದ್ದಕ್ಕೆ ಮಾತು ಕೊಡಬೇಡ ಎಂಬುದೇ ಅದರ ಹುರುಳು ಎಂದು ನಾನು ತಿಳಿದಿದ್ದೇನೆ. 5 ಲಕ್ಷಕ್ಕೆ ಸಹಿ ಹಾಕುವುದಕ್ಕಿಂತ ಮನೆಯಲ್ಲಿರುವ 20 ಸಾವಿರವನ್ನು, ವಾಪಸ್ ಬಂದರೆ ಬರಲಿ ಎಂದು ಕೈಗಿಡುವುದು ದೊಡ್ಡ ಉಪಕಾರ. ನೆಂಟಸ್ತನವೂ ಕೆಡುವುದಿಲ್ಲ.

ಹೆಣ್ಣುಮಕ್ಕಳಿಗೆ ಯೋಚಿಸುವ ಅವಕಾಶವೂ ಕಡಿಮೆ. ಮೈಕ್ರೋಫೈನಾನ್ಸ್ ಗುಂಪಿನಲ್ಲಿ ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕಾಗುತ್ತದೆ. ಗುಂಪಿಗೆ ಸೇರಿದ್ದೇ ಜಾಮೀನು ನಿಂತಂತೆ. ಕಿರುಕುಳದ ವಸೂಲಿ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಕಾನೂನುಬದ್ಧ ಸಾಲದ ಹೊಣೆ ಮಾತ್ರ ತಪ್ಪಲಿಲ್ಲ. ಆದ್ದರಿಂದ ಗುಂಪು ಕಟ್ಟುವಾಗಲೇ ಪಕ್ಕದವಳ ಮನೆಯ ಆದಾಯ, ಹಳೆಯ ಸಾಲ ಎರಡನ್ನೂ ಬಾಯಿಬಿಟ್ಟು ಕೇಳಬೇಕು. ಅದರಲ್ಲಿ ಅವಮಾನವೇನೂ ಇಲ್ಲ.

ಈಗಾಗಲೇ ಸಹಿ ಹಾಕಿ ನಿದ್ದೆಗೆಟ್ಟವರಿಗೂ 6ನೆಯ ಅಧ್ಯಾಯದಲ್ಲಿ ಬುದ್ಧಿಮಾತಿದೆ: ಸಂಕೋಚ ಬಿಟ್ಟು ಸಾಲಗಾರನ ಮನೆಗೆ ನಡೆ, ಬಿಡಿಸಿಕೊಳ್ಳುವ ತನಕ ಸುಮ್ಮನಿರಬೇಡ. ತಡಮಾಡಿದಷ್ಟೂ ಬಡ್ಡಿ ಬೆಳೆಯುವುದರಿಂದ ಈ ಆತುರ ಸರಿಯಾದದ್ದೇ. ಅವನನ್ನು ಕರೆದುಕೊಂಡೇ ಬ್ಯಾಂಕಿಗೋ ಸೊಸೈಟಿಗೋ ಹೋಗಿ, ಬಾಕಿ ಎಷ್ಟೆಂದು ಬರೆಸಿಕೊಳ್ಳಿ, ಕಂತಿನ ಅವಧಿ ಹೆಚ್ಚಿಸಲು ಅರ್ಜಿ ಕೊಡಿಸಿ. ನೀವೇ ಕಟ್ಟಬೇಕಾಗಿ ಬಂದರೆ ಒಂದೊಂದು ರಸೀದಿಯನ್ನೂ ಜೋಪಾನವಾಗಿಡಿ. ಜಾಮೀನುದಾರ ನ್ಯಾಯವಾಗಿ ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕನ್ನು ಅದೇ ಕಾಯ್ದೆಯ 145ನೆಯ ಕಲಂ ಕೊಟ್ಟಿದೆ.