ಹೆರೆದು ತೆಗೆದದ್ದು

ಹಳೆಯ ವಸ್ತುವೊಂದನ್ನು ಹೊಸದರಂತೆ ಹೊಳೆಯಿಸಿದಾಗ ನಮ್ಮ ಮನಸ್ಸಿಗೆ ಒಂದು ಬಗೆಯ ಸಂತೃಪ್ತಿಯುಂಟಾಗುತ್ತದೆ. ಮಸುಕಾದುದನ್ನು ಬೆಳಗಿದೆವು, ಹಾಳಾಗುತ್ತಿದ್ದುದನ್ನು ಉಳಿಸಿದೆವು ಎಂಬ ಭಾವನೆ ಅದು. ಈ ಭಾವನೆಯನ್ನು ಸ್ವಲ್ಪ ಸಂದೇಹದಿಂದ ನೋಡಬೇಕೆಂದು ನಾನು ಕಲಿತದ್ದು ಒಂದು ಹಾಯಿದೋಣಿಯ ಮೇಲೆ.

2014ರ ವಸಂತದಲ್ಲಿ ನಾನು ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಪ್ರಾಂತದಲ್ಲಿ, ಫಾಲ್ಮತ್ ಬಂದರಿನ ಸಮೀಪ ಕೆಲವು ವಾರ ತಂಗಿದ್ದೆ. ರಜೆಯಲ್ಲಿದ್ದ ಗುರುಗಳೊಬ್ಬರ ಕೆಲಸವನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ಹಾಯಿಯ ಕಾಲ ಮುಗಿಯಿತೆಂದು ಭಾವಿಸುವವರು ಆ ಊರನ್ನೊಮ್ಮೆ ನೋಡಬೇಕು. ಅಲ್ಲಿನ ಫಾಲ್ ನದೀಮುಖದಲ್ಲಿ ಸಿಂಪಿ ಹಿಡಿಯುವವರು ಎಂಜಿನ್ ಬಳಸುವಂತಿಲ್ಲ. ಹಾಯಿ ಅಥವಾ ಹುಟ್ಟು ಮಾತ್ರ. ಸಿಂಪಿಗಳನ್ನು ಕಾಪಾಡಲೆಂದು ಮಾಡಿದ ನಿಯಮ ಹಳೆಯ ಮರದ ದೋಣಿಗಳನ್ನೂ ಕಾಪಾಡಿದೆ.

ಅಲ್ಲಿ ಪರಿಚಯವಾದ, ಎಪ್ಪತ್ತು ದಾಟಿದ ಹಿರಿಯರೊಬ್ಬರ ಬಳಿ ಇಪ್ಪತ್ತೆಂಟು ಅಡಿಯ ಹಾಯಿದೋಣಿಯೊಂದಿತ್ತು. 1960ರ ದಶಕದಲ್ಲಿ ಕಟ್ಟಿದ್ದು. ಚಳಿಗಾಲದಲ್ಲಿ ದಡಕ್ಕೇರಿಸಿದ್ದ ಅದನ್ನು ಮೇ ತಿಂಗಳಲ್ಲಿ ನೀರಿಗಿಳಿಸುವ ಮುನ್ನ ಹೊರಮೈಯ ಮರಗೆಲಸವನ್ನೆಲ್ಲ ಹದಗೊಳಿಸಬೇಕಿತ್ತು. "ಫಾದರ್, ಮಧ್ಯಾಹ್ನ ಬಿಡುವಿದ್ದರೆ ಕೈಜೋಡಿಸುವಿರಾ?" ಎಂದು ಕೇಳಿದರು. ಬಡಗಿಯ ಮಗನಲ್ಲದಿದ್ದರೂ ಮರದ ವಾಸನೆ ನನಗೆ ಪ್ರಿಯವಾದುದರಿಂದ ಸಂತೋಷದಿಂದ ಒಪ್ಪಿಕೊಂಡೆ.

ಆ ಹೊರಮೈಯ ಮರ ತೇಗ, ಅಂದರೆ ನಮ್ಮ ಸಾಗುವಾನಿ. ಇಂಗ್ಲಿಷರ 'ಟೀಕ್' ಎಂಬ ಪದವೇ ಮಲಯಾಳದ 'ತೇಕ್ಕ್' ಎಂಬುದರಿಂದ ಪೋರ್ಚುಗೀಸರ ಮೂಲಕ ಹೋದದ್ದು. ಪದವಷ್ಟೇ ಅಲ್ಲ, ಹಡಗುಗಳೇ ಇಲ್ಲಿಂದ ಹೋಗಿವೆ. 1817ರಲ್ಲಿ ಮುಂಬಯಿಯ ವಾಡಿಯಾ ಮನೆತನದ ಹಡಗುಕಟ್ಟೆಯಲ್ಲಿ ಮಲಬಾರಿನ ತೇಗದಿಂದ ಕಟ್ಟಿದ 'ಟ್ರಿಂಕಾಮಲಿ' ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ. ಓಕ್ ಮರದ ಆಮ್ಲ ಕಬ್ಬಿಣದ ಮೊಳೆಗಳನ್ನು ತಿನ್ನುತ್ತದೆ; ತೇಗದ ಎಣ್ಣೆ ಅವುಗಳನ್ನು ಕಾಯುತ್ತದೆ. ತೇಗದ ಹಡಗು ದೀರ್ಘಾಯುಷಿಯಾಗಲು ಇದೂ ಒಂದು ಕಾರಣ.

ಇಂಥ ತೇಗ ಬಿಸಿಲು ಮಳೆಗಳಲ್ಲಿ ಬೂದು ಬಣ್ಣಕ್ಕೆ ತಿರುಗುವುದು ರೋಗವಲ್ಲ. ಸೂರ್ಯನ ಅತಿನೇರಳೆ ಕಿರಣಗಳು ಮರದ ನಾರುಗಳನ್ನು ಬೆಸೆದಿರುವ ಲಿಗ್ನಿನ್ ಎಂಬ ಪದಾರ್ಥವನ್ನು ಒಡೆಯುತ್ತವೆ. ಮಳೆ ಅದನ್ನು ತೊಳೆದೊಯ್ಯುತ್ತದೆ. ಬೆಳ್ಳಿಯ ಬಣ್ಣದ ತೆಳು ಪದರವೊಂದು ಮೇಲೆ ಉಳಿಯುತ್ತದೆ. ಅದರ ಕೆಳಗೆ ಮರ ಗಟ್ಟಿಯಾಗಿಯೇ ಇರುತ್ತದೆ. ಎಷ್ಟೋ ನಾವಿಕರು ತೇಗವನ್ನು ಉಪ್ಪುನೀರಿನಿಂದ ತೊಳೆದು ಹಾಗೆಯೇ ಬಿಟ್ಟುಬಿಡುತ್ತಾರೆ. ಅದೇ ದೋಣಿಯ ಚುಕ್ಕಾಣಿಯ ಹಿಡಿ ಮಾತ್ರ ಆಶ್ ಮರದ್ದು. ಅದರ ಮೇಲಿನ ವಾರ್ನಿಶ್ ಬಿರುಕುಬಿಟ್ಟು ನೀರು ಒಳಹೊಕ್ಕರೆ ಮರ ಕಪ್ಪಾಗಿ, ಕೊಳೆಯಲಾರಂಭಿಸುತ್ತದೆ. ಹೀಗೆ ಒಂದೇ ದೋಣಿಯಲ್ಲಿ, ಒಂದು ಮರವನ್ನು ಅದರ ಪಾಡಿಗೆ ಬಿಡುವುದು ಜಾಣತನ, ಇನ್ನೊಂದನ್ನು ಹಾಗೆ ಬಿಡುವುದು ಅಪರಾಧ. ಮನುಷ್ಯರನ್ನು ತಿದ್ದುವವರಿಗೂ ಈ ವ್ಯತ್ಯಾಸ ತಿಳಿದಿದ್ದರೆ ಒಳ್ಳೆಯದಿತ್ತು.

ಆದರೆ ಆ ಹಿರಿಯರಿಗೆ ಆ ವರ್ಷ ತೇಗವೂ ಹೊಂಬಣ್ಣಕ್ಕೆ ಮರಳಬೇಕೆಂಬ ಆಸೆ. ಕೆಲಸದ ಕ್ರಮವನ್ನು ಅವರೇ ಕಲಿಸಿದರು. ಮೊದಲು ಬೂದು ಪದರವನ್ನು 80ರ ಸ್ಯಾಂಡ್ ಪೇಪರ್‌ನಿಂದ, ಆಮೇಲೆ 120ರಿಂದ, ಕೊನೆಗೆ 220ರಿಂದ ಉಜ್ಜಬೇಕು. ತೇಗದ ಎಣ್ಣೆ ವಾರ್ನಿಶ್ ಅಂಟಲು ಬಿಡುವುದಿಲ್ಲವಾದ್ದರಿಂದ ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸಬೇಕು. ವಾರ್ನಿಶ್‌ನ ಮೊದಲ ಲೇಪಕ್ಕೆ ಅರ್ಧಕ್ಕರ್ಧ ಥಿನ್ನರ್ ಬೆರೆಸಿ ಮರಕ್ಕೆ ಕುಡಿಸಬೇಕು. ಆಮೇಲೆ ಆರೇಳು ಲೇಪಗಳು. ಒಂದೊಂದು ಒಣಗಿದ ಮೇಲೂ ಹಗುರವಾಗಿ ಉಜ್ಜಿ, ಧೂಳು ತೆಗೆದು ಮತ್ತೊಂದು. ನಡುಹಗಲ ಬಿಸಿಲಿನಲ್ಲಿ ಹಚ್ಚಿದರೆ ಗುಳ್ಳೆ ಏಳುತ್ತದೆ. ಸಂಜೆ ತಡವಾಗಿ ಹಚ್ಚಿದರೆ ಇಬ್ಬನಿ ಬಿದ್ದು ಹೊಳಪು ಸಾಯುತ್ತದೆ. ಗಡುಸು ಬ್ರಷ್‌ನಿಂದ ಮರದ ಎಳೆಯ ಉದ್ದಕ್ಕೆ ತಿಕ್ಕಬಾರದು, ಮೆದುವಾದ ಭಾಗವೆಲ್ಲ ಕಿತ್ತುಬಂದು ಏಣುಗಳು ಮೂಡುತ್ತವೆ ಎಂದೂ ಎಚ್ಚರಿಸಿದರು. "ನೆನಪಿರಲಿ, ನಾವು ಪ್ರತಿ ಸಲವೂ ಮರವನ್ನೇ ತೆಗೆಯುತ್ತಿದ್ದೇವೆ" ಎಂದರು. ತಿರುಪುಗಳ ತಲೆಯನ್ನು ಮುಚ್ಚಿದ್ದ ಮರದ ಬಿರಡೆಗಳು ಐವತ್ತು ವರ್ಷಗಳ ಉಜ್ಜುವಿಕೆಯಿಂದ ತೆಳುವಾಗಿ, ಅಲ್ಲಲ್ಲಿ ಕಳಚಿ ಬಿದ್ದಿದ್ದುದನ್ನು ತೋರಿಸಿದರು.

ಮೂರನೆಯ ದಿನ ಅವರು ಪೇಟೆಗೆ ಹೋಗಿದ್ದಾಗ ನಾನೊಬ್ಬನೇ ವಿದ್ಯುತ್ ಉಜ್ಜುಯಂತ್ರ ಹಿಡಿದಿದ್ದೆ. ದೋಣಿಯಲ್ಲಿ ಕುಳಿತುಕೊಳ್ಳುವ ತಗ್ಗಿನ ಸುತ್ತ ನೀರು ನುಗ್ಗದಂತೆ ಎತ್ತರಿಸಿದ ಅಂಚುಹಲಗೆಯಿರುತ್ತದೆ. ಎಡಬದಿಯ ಹಲಗೆಯ ಮೇಲಂಚಿನಲ್ಲಿ ಬೆರಳಗಲದ ತಗ್ಗೊಂದಿತ್ತು. ಹಗ್ಗ ಉರುಜಿ ಉರುಜಿ ಆದ ಸವೆತ. ನನ್ನ ಕಣ್ಣಿಗೆ ಅದೊಂದು ಊನ. ಸುತ್ತಲಿನ ಮರವನ್ನು ಅದರ ಮಟ್ಟಕ್ಕೆ ಇಳಿಸುತ್ತ ಹೋದೆ. ಅರ್ಧ ಗಂಟೆಯಲ್ಲಿ ಅಂಚು ಕನ್ನಡಿಯಂತೆ ಸಮವಾಯಿತು. ನನಗೆ ಹೆಮ್ಮೆಯೂ ಆಯಿತೆಂದು ಒಪ್ಪಿಕೊಳ್ಳಬೇಕು. ಹಿಂದಿರುಗಿದ ಹಿರಿಯರು ಆ ಜಾಗದ ಮೇಲೆ ಹೆಬ್ಬೆರಳನ್ನು ಆಡಿಸಿದರು, ಮತ್ತೊಮ್ಮೆ ಆಡಿಸಿದರು. "ಸೊಗಸಾಗಿದೆ ಫಾದರ್" ಎಂದಷ್ಟೇ ಹೇಳಿ ಬ್ರಷ್ ತೊಳೆಯಲು ಹೋದರು.

ಮರುದಿನ ಅವರ ಮಗಳು ಬಂದಳು. ದೋಣಿಯನ್ನೇರಿದವಳು ಮೊದಲು ನೋಡಿದ್ದೇ ಆ ಅಂಚನ್ನು. "ಅಪ್ಪಾ, ಅಮ್ಮನ ಗೆರೆ ಎಲ್ಲಿ?" ಎಂದಳು. "ಮರ ಸವೆದಿತ್ತು, ಸರಿಮಾಡಿದೆವು" ಎಂದರು ಆತ. 'ಸರಿಮಾಡಿದೆವು' ಎಂಬ ಆ ಬಹುವಚನ ನನ್ನ ಕಿವಿಯಲ್ಲಿ ಇನ್ನೂ ಇದೆ. ಮುಂದಿನ ಹಾಯಿಯ ಹಗ್ಗವನ್ನು ರಾಟೆಯ ಮೂಲಕ ಎಳೆಯದೆ ಹಲಗೆಯಂಚಿನ ಮೇಲಿಂದಲೇ ನೇರವಾಗಿ ಎಳೆಯುವುದು ಅವರ ಪತ್ನಿಯ ಅಭ್ಯಾಸವಾಗಿತ್ತಂತೆ. ಮೂವತ್ತು ಬೇಸಿಗೆಗಳಲ್ಲಿ ಆ ಗೆರೆ ಮೂಡಿತ್ತು. ಮರ ಹಾಳಾಗುತ್ತದೆಂದು ಆತ ಪ್ರತಿ ವರ್ಷವೂ ಗೊಣಗುತ್ತಿದ್ದರಂತೆ. ಆಕೆ ತೀರಿಕೊಂಡು ಆಗ ಆರು ವರ್ಷಗಳಾಗಿದ್ದವು.

ಹಡಗಿನ ಹಲಗೆಗಳ ಬಗ್ಗೆ ತತ್ತ್ವಜ್ಞಾನಿಗಳು ಕೇಳುವ ಪ್ರಶ್ನೆಯೊಂದು ಗುರುಮಠದಲ್ಲಿ ಓದಿದ ನಮಗೆಲ್ಲ ಗೊತ್ತು. ಅಥೆನ್ಸಿನವರು ವೀರ ಥೀಸಿಯಸನ ಹಡಗನ್ನು ಕಾಪಾಡಿ, ಕೊಳೆತ ಹಲಗೆಗಳ ಜಾಗಕ್ಕೆ ಹೊಸ ಹಲಗೆಗಳನ್ನು ಜೋಡಿಸುತ್ತ ಬಂದರೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಎಲ್ಲ ಹಲಗೆಗಳೂ ಬದಲಾದ ಮೇಲೆ ಅದು ಅದೇ ಹಡಗೇ? ತೆಗೆದುಹಾಕಿದ ಹಳೆಯ ಹಲಗೆಗಳನ್ನೇ ಕೂಡಿಸಿ ಯಾರಾದರೂ ಮತ್ತೊಂದನ್ನು ಕಟ್ಟಿದರೆ ನಿಜವಾದುದು ಯಾವುದು ಎಂದು ಹದಿನೇಳನೆಯ ಶತಮಾನದಲ್ಲಿ ಥಾಮಸ್ ಹಾಬ್ಸ್ ಸಮಸ್ಯೆಯನ್ನು ಇನ್ನಷ್ಟು ಬಿಗಿಗೊಳಿಸಿದ. ತರಗತಿಯಲ್ಲಿ ಇದು ರುಚಿಕರವಾದ ಚರ್ಚೆ. ಆದರೆ ಉಜ್ಜುಕಾಗದ ಹಿಡಿದವನಿಗೆ ಅದು ನೆರವಾಗದು. ಅವನು ಯಾವ ಹಲಗೆಯನ್ನೂ ಬದಲಿಸುವುದಿಲ್ಲ. ದೋಣಿ ಅದೇ ದೋಣಿ, ಹಲಗೆ ಅದೇ ಹಲಗೆ. ಆದರೂ ಅದರಲ್ಲಿದ್ದ ಏನೋ ಒಂದು ಧೂಳಾಗಿ ನೆಲಕ್ಕೆ ಬಿದ್ದಿರುತ್ತದೆ.

ಇದನ್ನು ಚೆನ್ನಾಗಿ ಅರಿತವರು ಇಂಗ್ಲೆಂಡಿನವರೇ ಆದ ಇಬ್ಬರು. 1849ರಲ್ಲಿ ಜಾನ್ ರಸ್ಕಿನ್, ಜೀರ್ಣೋದ್ಧಾರವೆಂದು ನಾವು ಕರೆಯುವುದು ಬಹುಪಾಲು ವಿನಾಶವೇ ಎಂದು ವಾದಿಸಿದರು. 1877ರಲ್ಲಿ ವಿಲಿಯಂ ಮಾರಿಸ್ ಪುರಾತನ ಕಟ್ಟಡಗಳ ರಕ್ಷಣೆಗಾಗಿ ಸಂಘವೊಂದನ್ನು ಸ್ಥಾಪಿಸಿದರು. ಹಳೆಯ ಚರ್ಚುಗಳ ಗೋಡೆಗಳನ್ನು ಹೆರೆದು ಹೊಸದಾಗಿಸುವುದನ್ನು ವಿರೋಧಿಸಿದ್ದರಿಂದ ಆ ಸಂಘಕ್ಕೆ 'ಹೆರೆತ ವಿರೋಧಿ' ಎಂಬ ಅಡ್ಡಹೆಸರೇ ಬಂತು. ಇಬ್ಬರ ಸಲಹೆಯೂ ಒಂದೇ: ದಿನದಿನವೂ ಸ್ವಲ್ಪ ಸ್ವಲ್ಪ ಕಾಳಜಿ ವಹಿಸಿ, ದೊಡ್ಡ ಉದ್ಧಾರದ ಅಗತ್ಯವೇ ಬಾರದಂತೆ ನೋಡಿಕೊಳ್ಳಿ. ವಾರ್ನಿಶ್ ಹಚ್ಚುವವರೂ ಇದನ್ನೇ ಹೇಳುತ್ತಾರೆ. ವರ್ಷಕ್ಕೊಂದು ಎರಡು ಲೇಪ ತಪ್ಪದೆ ಕೊಟ್ಟ ಮರವನ್ನು ಬುಡದವರೆಗೆ ಹೆರೆಯಬೇಕಾಗಿ ಬರುವುದು ಅಪರೂಪ. (ನಮ್ಮ ಎಷ್ಟೋ ದೇವಾಲಯಗಳಲ್ಲಿ ಹಬ್ಬ ಬಂತೆಂದರೆ ಹಳೆಯ ಮರದ ಪೀಠಗಳಿಗೆ ಎನಾಮೆಲ್ ಪೇಂಟ್ ಬಳಿಯುತ್ತೇವೆ. ಈ ವಿಷಯದಲ್ಲಿ ನನ್ನ ಕೈಗಳೂ ಶುದ್ಧವಲ್ಲ.)

ಆದರೂ ನನ್ನನ್ನು ಕಾಡಿದ್ದು ಕಲೆಯ ಪ್ರಶ್ನೆಯಲ್ಲ. ನನಗೆ ಗೊತ್ತಿರಲಿಲ್ಲವಲ್ಲ, ಆಮೇಲೂ ನಾನು ತಪ್ಪಿತಸ್ಥನೇ? ನೀತಿಶಾಸ್ತ್ರದ ಪಾಠದಲ್ಲಿ ಅಜ್ಞಾನವನ್ನು ಎರಡಾಗಿ ವಿಂಗಡಿಸುತ್ತೇವೆ. ಎಷ್ಟು ಪ್ರಯತ್ನಿಸಿದರೂ ನೀಗಿಸಲಾಗದ್ದು ಒಂದು. ತಕ್ಕ ಎಚ್ಚರ ವಹಿಸಿದ್ದರೆ ನೀಗಿಸಬಹುದಾಗಿದ್ದದ್ದು ಇನ್ನೊಂದು. ಮೊದಲನೆಯದು ಮನುಷ್ಯನನ್ನು ದೋಷಮುಕ್ತನನ್ನಾಗಿಸುತ್ತದೆ, ಎರಡನೆಯದು ಹಾಗೆ ಮಾಡುವುದಿಲ್ಲ. ಈ ಪಾಠವನ್ನು ನಾನೇ ಹಲವು ವರ್ಷ ಹೇಳಿಕೊಟ್ಟಿದ್ದೇನೆ. ಆ ತಗ್ಗು ಆಕೆಯದೆಂದು ನನಗೆ ತಿಳಿದಿರಲಿಲ್ಲ, ನಿಜ. ಆದರೆ ಅದು ಹಗ್ಗದಿಂದಾದ ಸವೆತವೆಂದು ತಿಳಿದಿತ್ತು. ಹಗ್ಗವಿತ್ತೆಂದರೆ ಅದನ್ನು ಹಿಡಿದ ಕೈಯೊಂದಿರಲೇಬೇಕು. ಬೂದು ಬಣ್ಣ ಬಿಸಿಲಿನ ಕೆಲಸ, ಅದು ಎಲ್ಲ ದೋಣಿಗಳಿಗೂ ಒಂದೇ. ಆ ಗೆರೆ ಮಾತ್ರ ಆ ಒಂದು ದೋಣಿಯದ್ದು. ಎರಡನ್ನೂ ನಾನು ಒಂದೇ ಕಾಗದದಿಂದ ಉಜ್ಜಿದೆ. ಹಿರಿಯರು ಸಂಜೆಗೆ ಹಿಂದಿರುಗುವವರಿದ್ದರು. ಅಷ್ಟು ಹೊತ್ತು ಕಾಯಲು ನನಗೇನೂ ಅಡ್ಡಿಯಿರಲಿಲ್ಲ. ಕೆಲಸ ಮುಗಿಸಿ ತೋರಿಸಬೇಕೆಂಬ ಉತ್ಸಾಹವೊಂದೇ ಅಡ್ಡಿ.

ಕ್ಷಮೆ ಕೇಳಿದೆ. ಕದ್ದದ್ದನ್ನು ಹಿಂದಿರುಗಿಸಬಹುದು, ಆಡಿದ ಮಾತನ್ನು ಹಿಂತೆಗೆದುಕೊಳ್ಳಲೂಬಹುದು. ಧೂಳಾದ ಗೆರೆಯನ್ನು ಏನೆಂದು ಹಿಂದಿರುಗಿಸುವುದು? ಆತ ಬಹಳ ಹೊತ್ತು ವಾರ್ನಿಶ್ ಡಬ್ಬಿಯನ್ನು ಕಲಕುತ್ತಿದ್ದರು. "ಅವಳು ಬದುಕಿದ್ದಾಗ ಆ ಗೆರೆಯನ್ನು ಅಳಿಸಲು ನಾನೇ ಎಷ್ಟು ಸಲ ಉಳಿ ಹಿಡಿದಿದ್ದೆ, ಗೊತ್ತೇ?" ಎಂದರು. ಅದು ನನ್ನ ಸಮಾಧಾನಕ್ಕೆ ಹೇಳಿದ್ದೋ, ತಮಗೆ ತಾವೇ ಹೇಳಿಕೊಂಡದ್ದೋ ನನಗೆ ತಿಳಿಯಲಿಲ್ಲ.

ಎಡಬದಿಗೆ ಏಳು ಲೇಪಗಳನ್ನು ಅವರೇ ಹಚ್ಚಿದರು. ಬಲಬದಿಯ ಅಂಚುಹಲಗೆಯನ್ನು ಇನ್ನೂ ಉಜ್ಜಿರಲಿಲ್ಲ. ಅದನ್ನು ಸಮುದ್ರದ ನೀರಿನಿಂದ ತೊಳೆದು, ಬೂದಾಗಿದ್ದಂತೆಯೇ ಬಿಟ್ಟರು. ಮೇ ತಿಂಗಳಲ್ಲಿ ದೋಣಿ ನೀರಿಗಿಳಿದಾಗ ಒಂದು ಬದಿ ಹೊಂಬಣ್ಣ, ಇನ್ನೊಂದು ಬದಿ ಬೆಳ್ಳಿ. ವಾರ್ನಿಶ್ ಮುಗಿದುಹೋಯಿತೇ ಎಂದು ಬಂದರಿನವರು ತಮಾಷೆ ಮಾಡಿದರು. ಆತ ಹೌದೆಂದು ತಲೆಯಾಡಿಸಿ ಹಾಯಿ ಬಿಚ್ಚಿದರು.