ಹುಡುಕುವ ದಾರಿಯನ್ನು ಕಲಿಸುವವರು ಯಾರು?

ವಿಶ್ವವಿದ್ಯಾಲಯದ ಅಧ್ಯಾಪಕರ ಹೊಣೆ ಎಲ್ಲಿಗೆ ಮುಗಿಯುತ್ತದೆ? ಪಾಠ ಹೇಳಿ, ಓದಬೇಕಾದ ಗ್ರಂಥಗಳ ಪಟ್ಟಿಯನ್ನು ಕೊಟ್ಟಲ್ಲಿಗೆ ಎನ್ನುವವರಿದ್ದಾರೆ. ಆ ಗ್ರಂಥಗಳನ್ನು ಹುಡುಕುವ, ತೂಗಿನೋಡುವ, ಋಣವನ್ನು ಒಪ್ಪಿಕೊಂಡು ಬಳಸುವ ಬಗೆಯನ್ನೂ ಕಲಿಸಿದ ಮೇಲೆ ಎನ್ನುವವರೂ ಇದ್ದಾರೆ. ಮೇಲ್ನೋಟಕ್ಕೆ ಇದು ಕೆಲಸದ ಹಂಚಿಕೆಯ ಪ್ರಶ್ನೆ. ಒಳಹೊಕ್ಕು ನೋಡಿದರೆ ನ್ಯಾಯದ ಪ್ರಶ್ನೆ.

ಗ್ರಂಥಾಲಯ ಶಿಕ್ಷಣದ ವಿಷಯವಾಗಿ ಅಧ್ಯಾಪಕವಲಯದಲ್ಲಿ ನಾವು ಮೂರು ಮಾತುಗಳನ್ನು ಕೇಳುತ್ತೇವೆ. ಅದು ಗ್ರಂಥಪಾಲಕರ ಕೆಲಸವೆಂಬುದು ಒಂದು. ಪಠ್ಯಕ್ರಮವನ್ನು ಮುಗಿಸುವುದಕ್ಕೇ ಹೊತ್ತು ಸಾಲದೆಂಬುದು ಇನ್ನೊಂದು. ಕಪಾಟುಗಳ ನಡುವೆ ಅಲೆದು ತಾವು ಕಲಿತಂತೆ ಇಂದಿನವರೂ ಕಲಿಯಲಿ ಎಂಬುದು ಮತ್ತೊಂದು. ಇವನ್ನು ಹಗುರವಾಗಿ ತಳ್ಳಿಹಾಕಲಾಗದು. ಅಲೆದು ಕಲಿತ ವಿದ್ಯೆ ಗಟ್ಟಿಯಾಗಿ ಉಳಿಯುವುದು ನಿಜ. ಆದರೆ ಅಲೆಯುವುದಕ್ಕೆ ಮೊದಲು ಕಪಾಟುಗಳು ಕೈಗೆಟುಕುವಂತಿರಬೇಕು.

ಈ ಎರಡು ವೃತ್ತಿಗಳ ನಡುವಣ ಗೋಡೆ ಅನಿವಾರ್ಯವಲ್ಲವೆಂಬುದಕ್ಕೆ ಎಸ್. ಆರ್. ರಂಗನಾಥನ್ ಅವರ ಬಾಳೇ ಸಾಕ್ಷಿ. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿಯೂ ಪಾಠ ಹೇಳಿದ್ದ ಈ ಗಣಿತದ ಅಧ್ಯಾಪಕರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕಾಸರಗೋಡು, ನೀಲಗಿರಿ, ಹೊಸೂರು, ಆದವಾನಿಗಳೆಲ್ಲ ಅಂದು ಅದೇ ಮದರಾಸು ಪ್ರಾಂತದಲ್ಲಿದ್ದವು. 1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ತಿರುಳು ಸರಳವಾದುದು: ಗ್ರಂಥವಿರುವುದು ಕಾವಲಿಗಲ್ಲ, ಬಳಕೆಗೆ. ಬಳಕೆಯನ್ನು ಕಲಿಸದೆ ಗ್ರಂಥವನ್ನು ಕೂಡಿಡುವುದು, ಹಾಗಾದರೆ, ಅರ್ಧ ಕೆಲಸವಷ್ಟೇ.

ಇಂದು ತರಗತಿಗೆ ಪರದೆ ಬಂದಿದೆ, ಗ್ರಂಥಾಲಯಕ್ಕೆ ಗಣಕಯಂತ್ರ ಬಂದಿದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಶೋಧಗಂಗಾ’ದಲ್ಲಿ ದೇಶದ ಪಿಎಚ್.ಡಿ. ಪ್ರಬಂಧಗಳು ಮನೆಯಲ್ಲಿಯೇ ಓದಸಿಗುತ್ತವೆ. ಸೌಕರ್ಯದೊಡನೆ ಶಿಕ್ಷೆಯೂ ಬಂದಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮದಂತೆ ಪ್ರಬಂಧದಲ್ಲಿ ಪರರ ಬರಹದ ಹೋಲಿಕೆ ಶೇಕಡಾ 10ನ್ನು ಮೀರಿದರೆ ತಿದ್ದಿ ಒಪ್ಪಿಸಬೇಕು. 60ನ್ನು ಮೀರಿದರೆ ನೋಂದಣಿಯೇ ರದ್ದು. ಕಳವು ಕಳವೇ, ಅದಕ್ಕೆ ದಂಡ ಬೇಕು. ಆದರೆ ಆಕರವನ್ನು ಹೇಗೆ ಗುರುತಿಸಬೇಕು, ಉಲ್ಲೇಖವನ್ನು ಹೇಗೆ ಕೊಡಬೇಕು ಎಂಬುದನ್ನು ಯಾರೂ ಹೇಳಿಕೊಡದಿದ್ದಲ್ಲಿ ದಂಡದ ಭಾರವೆಲ್ಲ ಶಿಷ್ಯನ ಮೇಲೆ ಬೀಳುವುದು ಧರ್ಮವೇ? ಅದೇ ನಿಯಮ ಈ ತಿಳಿವಳಿಕೆಯನ್ನು ಕೊಡುವ ಹೊಣೆಯನ್ನು ಸಂಸ್ಥೆಯ ಮೇಲೂ ಹೊರಿಸಿದೆ. ಕಲಿಸುವ ಕರ್ತವ್ಯವನ್ನು ಮರೆತು ದಂಡಿಸುವ ಹಕ್ಕನ್ನು ಮಾತ್ರ ನೆನೆಯುವುದು ಗುರುಸ್ಥಾನಕ್ಕೆ ಒಪ್ಪುವ ನಡೆಯಲ್ಲ.

ಗಡಿಯಾಚೆಯ ಕನ್ನಡಿಗರಾದ ನಮಗೆ ಇದು ದೂರದ ಚರ್ಚೆಯಲ್ಲ. ನಮ್ಮ ಮಕ್ಕಳಿಗೆ ಬೇಕಾದ ಕನ್ನಡ ಗ್ರಂಥಗಳಲ್ಲಿ ಹೆಚ್ಚಿನವು ಮೈಸೂರು, ಧಾರವಾಡ, ಹಂಪಿಗಳಲ್ಲಿವೆ. ಅವರ ಪಾಲಿಗೆ ಸೂಚಿಯೇ ಕಪಾಟು. ಆ ಸೂಚಿಯಾದರೋ ಒಂದೆಡೆ ಕನ್ನಡ ಲಿಪಿಯಲ್ಲಿ, ಇನ್ನೊಂದೆಡೆ ರೋಮನ್ ಲಿಪಿಯಲ್ಲಿ ಇರುತ್ತದೆ; ರೋಮನ್ ಲಿಪಿಯಲ್ಲಿ ಕಾಸರಗೋಡು ಎಂಬ ಒಂದು ಹೆಸರಿಗೇ ಎರಡು ಮೂರು ಕಾಗುಣಿತಗಳು. ಒಂದರಲ್ಲಿ ಸಿಗದ ಪುಸ್ತಕ ಇನ್ನೊಂದರಲ್ಲಿ ಸಿಕ್ಕೀತೆಂದು ತಿಳಿಯದ ವಿದ್ಯಾರ್ಥಿ, ಅಂಥ ಪುಸ್ತಕವೇ ಇಲ್ಲವೆಂದು ನಂಬಿ ಹಿಂದಿರುಗುತ್ತಾನೆ. ಮನೆತುಂಬ ಪುಸ್ತಕವಿದ್ದವನು ಹೇಗೋ ದಾಟುತ್ತಾನೆ. ಮನೆಯಲ್ಲಿ ಮೊದಲಿಗಳಾಗಿ ಕಾಲೇಜಿನ ಮೆಟ್ಟಿಲೇರಿದವಳಿಗೆ ಆ ಅಜ್ಞಾನವೇ ಬೀಗ.

ಆದುದರಿಂದ ‘ತಾನಾಗಿ ಕಲಿಯಲಿ’ ಎಂಬ ಮಾತು ಎಲ್ಲರಿಗೂ ಸಮವಾಗಿ ಅನ್ವಯಿಸದು; ಇದ್ದವರಿಗೆ ಅದು ಸ್ವಾತಂತ್ರ್ಯ, ಇಲ್ಲದವರಿಗೆ ಕೈಬಿಟ್ಟಂತೆ. ಪರಿಹಾರ ಪ್ರತ್ಯೇಕವಾದ ಇನ್ನೊಂದು ಪಠ್ಯವಲ್ಲ. ವರ್ಷಾರಂಭದ ಒಂದು ಗಂಟೆಯ ಉಪದೇಶ, ಕೈಯಲ್ಲಿ ಕೆಲಸವಿಲ್ಲದವನ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಪ್ರಬಂಧ ಬರೆಯಹಚ್ಚುವ ದಿನವೇ ಅಧ್ಯಾಪಕರೂ ಗ್ರಂಥಪಾಲಕರೂ ಜೊತೆಯಾಗಿ ನಿಂತು ಒಂದು ಆಕರವನ್ನು ಹುಡುಕಿ ತೋರಿಸಿದರೆ ವಿದ್ಯೆ ಕೆಲಸದೊಳಗೆ ಬೆರೆಯುತ್ತದೆ. ಹೊತ್ತಿಲ್ಲವೆಂಬ ಆಕ್ಷೇಪವೂ ಬಹುಪಾಲು ಕರಗುತ್ತದೆ.

ಗುರುವಿನಿಂದ ಪಡೆದ ಉತ್ತರ ಆ ಪರೀಕ್ಷೆಗೆ ಸಾಕು. ಹುಡುಕುವ ವಿದ್ಯೆಯನ್ನು ಪಡೆದ ಶಿಷ್ಯ ಗುರುವಿನ ಮಾತನ್ನೂ ಪರೀಕ್ಷಿಸಿ ನೋಡಬಲ್ಲ. ಅದಕ್ಕೆ ಅಂಜದೆ ಆ ವಿದ್ಯೆಯನ್ನು ಕೊಡುವವರನ್ನೇ ನಾವು ಅಧ್ಯಾಪಕರೆಂದು ಗೌರವಿಸಬೇಕು. ಊರೂರಲ್ಲಿ ಪುಸ್ತಕಗಳನ್ನು ಕೂಡಿಡುತ್ತ ಬಂದಿರುವ ನಮ್ಮ ಸಂಘಗಳೂ ತಮ್ಮ ಕಪಾಟಿನ ಬಳಿ ಇದೇ ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳಿತು.